ಒಂದರಲ್ಲಿ ನಾಲ್ಕು: ಹಾಲೆಂಡಿನ ಹಿರಿಯ ಪಿಯಾನೋವಾದಕರ ಒಂದು ಧ್ವನಿಮುದ್ರಿಕೆ

(ವಾಚನಾಲಯದ ಶ್ರವಣಗೋಷ್ಠಿಯಲ್ಲಿ, ಧ್ವನಿಮುದ್ರಿಕೆಯನ್ನು ಕೇಳಿಸುವುದಕ್ಕೆ ಮುಂಚೆ ಓದಿದ ಭಾಷಣದ ಪಾಠ)



ಇಂದು ನಿಮಗೆ ಕೇಳಿಸಬೇಕೆಂದು ನಾವು ತಂದಿರುವ ಧ್ವನಿಮುದ್ರಿಕೆ ನಮ್ಮ ನಾಡಿನದಲ್ಲ, ನಮ್ಮ ನುಡಿಯದೂ ಅಲ್ಲ. ನಿಜ ಹೇಳಬೇಕೆಂದರೆ ಅದರಲ್ಲಿ ನುಡಿಯೆಂಬುದೇ ಇಲ್ಲ. ಹಾಡುವವರಿಲ್ಲ, ಸಾಹಿತ್ಯವಿಲ್ಲ. ಇರುವುದು ನಾಲ್ಕೇ ವಾದ್ಯ: ಒಂದು ಪಿಯಾನೋ, ಒಂದು ಟ್ರಂಪೆಟ್ ಎಂಬ ಕಹಳೆ, ಆಳೆತ್ತರದ ಪಿಟೀಲಿನಂತಿರುವ ಒಂದು ಡಬಲ್ ಬಾಸ್, ಮತ್ತು ಒಂದು ಜೊತೆ ಡ್ರಮ್ಮುಗಳು. ಈ ನಾಲ್ವರ ಮುಂದಾಳು ಹಾಲೆಂಡಿನ ಪಿಯಾನೋವಾದಕ ಮಿಶಾ ಮೆಂಗೆಲ್‌ಬರ್ಗ್. ಮುದ್ರಣವಾದದ್ದು ೨೦೦೦ದಲ್ಲಿ. ಆಗ ಅವರಿಗೆ ೬೫ ವರ್ಷ. ಮುದ್ರಿಕೆಯ ಹೆಸರು 'ಫೋರ್ ಇನ್ ಒನ್', ಅಂದರೆ 'ಒಂದರಲ್ಲಿ ನಾಲ್ಕು'.

ದಿನವೆಲ್ಲ ಕಾರ್ಖಾನೆಯ ಸದ್ದು ಕೇಳಿ ಬಂದವರಿಗೆ, ಕಚೇರಿಯ ಕಡತಗಳಲ್ಲಿ ಕಣ್ಣು ಸವೆಸಿ ಬಂದವರಿಗೆ, ಹೋಟೆಲಿನ ಗಲ್ಲಾದಲ್ಲಿ ಚಿಲ್ಲರೆ ಎಣಿಸಿ ಬಂದವರಿಗೆ ಈ ಪರದೇಶದ ವಾದ್ಯಗೋಷ್ಠಿ ಯಾತಕ್ಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ನಾಲ್ಕು ಜನ ಒಂದು ಕೆಲಸಕ್ಕೆ ಕೈಹಾಕಿದಾಗ, ಎಲ್ಲರೂ ಒಬ್ಬನ ಅಪ್ಪಣೆಯಂತೆ ನಡೆಯುವುದು ಒಂದು ಬಗೆ. ಯಾರೂ ಯಾರ ಮಾತನ್ನೂ ಕೇಳದೆ ಚೆದುರಿಹೋಗುವುದು ಇನ್ನೊಂದು ಬಗೆ. ಈ ಎರಡನ್ನು ನಾವೆಲ್ಲ ಕಂಡಿದ್ದೇವೆ. ಮೂರನೆಯ ಬಗೆಯೊಂದು ಉಂಟು. ಒಬ್ಬೊಬ್ಬನೂ ತನ್ನ ದಾರಿಯಲ್ಲೇ ನಡೆಯುತ್ತಾನೆ, ಬೇಕಾದರೆ ಮತ್ತೊಬ್ಬನಿಗೆ ಎದುರು ನಿಲ್ಲುತ್ತಾನೆ, ಆದರೂ ಕೂಟ ಮುರಿಯುವುದಿಲ್ಲ. ಅದನ್ನು ಬಾಯಲ್ಲಿ ಹೇಳುವುದು ಸುಲಭ, ಕಣ್ಣಾರೆ ಕಾಣುವುದು ಅಪರೂಪ. ಈ ಮುದ್ರಿಕೆಯಲ್ಲಿ ಅದನ್ನು ಕಿವಿಯಾರೆ ಕೇಳಬಹುದು.

ಕೇಳುವುದಕ್ಕೆ ಮುಂಚೆ ಜಾಜ್ ಎಂಬ ಈ ಸಂಗೀತದ ಕಟ್ಟು ಹೇಗಿರುತ್ತದೆಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ. ಇದು ಅಮೆರಿಕದ ನೀಗ್ರೋ ಜನ ಎಂದು ಹಿಂದೆ ಕರೆಯಲಾಗುತ್ತಿದ್ದ, ಈಗ ಆಫ್ರಿಕನ್ ಅಮೆರಿಕನ್ನರು ಎಂದು ಗೌರವದಿಂದ ಕರೆಯುವ ಜನರ ಸೃಷ್ಟಿ. ಗುಲಾಮರಾಗಿ ತರಲ್ಪಟ್ಟವರ ಮಕ್ಕಳು ಮೊಮ್ಮಕ್ಕಳು ನ್ಯೂ ಆರ್ಲಿಯನ್ಸ್ ಮೊದಲಾದ ಊರುಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಇದಕ್ಕೆ ರೂಪ ಕೊಟ್ಟರು. ಸಾಧಾರಣವಾಗಿ ಒಂದು ರಾಗದ ಎಳೆ, ಅಂದರೆ ಒಂದು ಚಿಕ್ಕ ಧಾಟಿ, ಇರುತ್ತದೆ. ಬಹುಮಟ್ಟಿಗೆ ಅದು ೩೨ ಗಣಗಳ ಅಳತೆಯದು. ಗಣವೊಂದಕ್ಕೆ ನಾಲ್ಕು ಎಣಿಕೆ. ಎಂಟು ಗಣದ ಒಂದು ಭಾಗವನ್ನು ಎರಡು ಸಲ ನುಡಿಸಿ, ಬೇರೊಂದು ಎಂಟು ಗಣಕ್ಕೆ ಹೊರಳಿ, ಮತ್ತೆ ಮೊದಲನೆಯದಕ್ಕೆ ಬಂದು ಸೇರುವುದು ರೂಢಿ. ಎಲ್ಲರೂ ಕೂಡಿ ಈ ಧಾಟಿಯನ್ನು ಒಮ್ಮೆ ನುಡಿಸುತ್ತಾರೆ. ಆಮೇಲೆ ಅದೇ ಅಳತೆಯ ಮೇಲೆ ಒಬ್ಬೊಬ್ಬರೂ ಸರದಿಯಂತೆ ಮನೋಧರ್ಮವನ್ನು ತೋರುತ್ತಾರೆ. ಕೊನೆಗೆ ಧಾಟಿ ಮರಳಿ ಬರುತ್ತದೆ.

ಮನೋಧರ್ಮವೆಂದರೆ ನಮಗೆ ಹೊಸತಲ್ಲ. ಧಾರವಾಡದ ಕಡೆಯ ಖಯಾಲು ಕೇಳಿದವರೂ ಮೈಸೂರಿನ ಕಡೆಯ ರಾಗ, ತಾನ, ಪಲ್ಲವಿ ಕೇಳಿದವರೂ ಈ ಸಭೆಯಲ್ಲಿದ್ದಾರೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮಲ್ಲಿ ತಂಬೂರಿಯ ಶ್ರುತಿ ಆದಿಯಿಂದ ಅಂತ್ಯದವರೆಗೆ ಒಂದೇ. ಗಾಯಕ ಎತ್ತ ಹೋದರೂ ಕಾಲ ಕೆಳಗಿನ ನೆಲ ಅಲುಗದು. ಜಾಜಿನಲ್ಲಿ ಆ ನೆಲವೇ ಸರಿಯುತ್ತಿರುತ್ತದೆ. ಪಿಯಾನೋವಾದಕ ಒಂದೇ ಸಲಕ್ಕೆ ನಾಲ್ಕಾರು ಸ್ವರಗಳನ್ನು ಕೂಡಿಸಿ ಒತ್ತುವ ಸ್ವರಕೂಟ ಗಣಕ್ಕೊಮ್ಮೆ ಎರಡು ಗಣಕ್ಕೊಮ್ಮೆ ಬದಲಾಗುತ್ತದೆ. ಮನೋಧರ್ಮ ಮಾಡುವವನು ಆ ಬದಲಾವಣೆಯೊಡನೆ ತಾನೂ ಹೆಜ್ಜೆ ಬದಲಿಸಬೇಕು. ಓಡುವ ಲೋಕಲ್ ರೈಲಿನಲ್ಲಿ ಕೈಪಟ್ಟಿ ಹಿಡಿಯದೆ ನಿಂತು ಓಲಾಡುವ ವಿದ್ಯೆ ನಮ್ಮಲ್ಲಿ ಅನೇಕರಿಗೆ ಗೊತ್ತಿದೆಯಷ್ಟೆ; ಅದೇ ಜಾತಿಯ ವಿದ್ಯೆ ಇದು. ಆದುದರಿಂದ ಜಾಜಿನ ಪಿಯಾನೋವಾದಕನ ಕೈಯಲ್ಲಿ ಒಂದು ವಿಶೇಷ ಅಧಿಕಾರ ಇರುತ್ತದೆ. ಅವನು ಮನಸ್ಸು ಮಾಡಿದರೆ ಸಂಗಡಿಗನ ಕಾಲಡಿಯ ನೆಲವನ್ನು ಹಸನಾಗಿ ಹಾಸಬಲ್ಲ. ಮನಸ್ಸು ಮಾಡಿದರೆ ಎಳೆದುಬಿಡಲೂ ಬಲ್ಲ. ಮೆಂಗೆಲ್‌ಬರ್ಗರು ಎರಡನ್ನೂ ಮಾಡುತ್ತಿದ್ದರು. ಅವರ ಕಲೆಯ ಗುಟ್ಟು ಇಲ್ಲಿಯೇ ಇದೆ.

ಈಗ ಅವರ ಬಾಳಿನ ಸಂಗತಿಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮಿಶಾ ಮೆಂಗೆಲ್‌ಬರ್ಗ್ ೧೯೩೫ರ ಜೂನ್ ೫ರಂದು, ಆಗ ಸೋವಿಯೆತ್ ಒಕ್ಕೂಟದಲ್ಲಿದ್ದ ಕೀವ್ ನಗರದಲ್ಲಿ ಹುಟ್ಟಿದರು. ತಂದೆ ಕಾರೆಲ್ ಮೆಂಗೆಲ್‌ಬರ್ಗ್ ಡಚ್ ಸಂಗೀತಕಾರರು, ಕೆಲಸವನ್ನರಸಿ ಊರೂರು ತಿರುಗಿದವರು. ಬರ್ಲಿನ್, ಬಾರ್ಸಿಲೋನಾಗಳಲ್ಲಿದ್ದು ಕೀವ್ ಸೇರಿದ್ದರು. ತಾಯಿ ಹಾರ್ಪ್ ಎಂಬ ತಂತಿವಾದ್ಯವನ್ನು ನುಡಿಸುವವರು. ೧೯೩೮ರಲ್ಲಿ ಕುಟುಂಬ ಹಾಲೆಂಡಿಗೆ ಬಂದು ನೆಲೆಸಿತು. ತಂದೆಯ ಕೆಲಸ ನಡೆದಲ್ಲಿ ಹುಟ್ಟಿ, ಸ್ವಂತ ನಾಡನ್ನು ಆಮೇಲೆ ಕಂಡ ಮಗು ಅವರು. ಅಂಥ ಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರೆ.

ಅವರ ಮನೆತನದ ಹೆಸರು ಹಾಲೆಂಡಿನಲ್ಲಿ ಮೊದಲೇ ದೊಡ್ಡದು. ಅಜ್ಜನ ಸಾಲಿನ ಬಂಧುವಾದ ವಿಲ್ಲೆಮ್ ಮೆಂಗೆಲ್‌ಬರ್ಗ್ ೧೮೯೫ರಿಂದ ಸುಮಾರು ಐವತ್ತು ವರ್ಷ ಆಮ್‌ಸ್ಟರ್‌ಡಾಮಿನ ಪ್ರಸಿದ್ಧ ಕಾನ್ಸರ್ಟ್‌ಖೆಬೌ ವಾದ್ಯವೃಂದದ ನಿರ್ವಾಹಕರಾಗಿದ್ದರು. ಕೋಲು ಹಿಡಿದು ಮುಂದೆ ನಿಂತು, ನೂರು ಜನ ವಾದಕರನ್ನು ಕಣ್ಸನ್ನೆಯಿಂದ ನಡೆಸಿದವರು. ಜರ್ಮನ್ನರು ಹಾಲೆಂಡನ್ನು ಆಕ್ರಮಿಸಿಕೊಂಡಿದ್ದ ೧೯೪೦ರಿಂದ ೧೯೪೫ರ ಕಾಲದಲ್ಲಿ ಆ ಆಡಳಿತದೊಡನೆ ಹೊಂದಿಕೊಂಡರೆಂಬ ಕಾರಣಕ್ಕಾಗಿ ಯುದ್ಧಾನಂತರ ಅವರಿಗೆ ತಾಯ್ನಾಡಿನಲ್ಲಿ ನಿಷೇಧ ಬಂತು. ೧೯೫೧ರಲ್ಲಿ ದೂರ ದೇಶದಲ್ಲೇ ತೀರಿಕೊಂಡರು. ಒಂದೇ ಮನೆತನದಲ್ಲಿ ಒಬ್ಬರು ಅಪ್ಪಣೆಯ ಸಂಗೀತದ ಶಿಖರವನ್ನು ಮುಟ್ಟಿದರು, ಇನ್ನೊಬ್ಬರು ಅಪ್ಪಣೆಯಿಲ್ಲದ ಸಂಗೀತವನ್ನು ಹುಡುಕಿಕೊಂಡು ಹೋದರು.

ಮಿಶಾ ೧೯೫೮ರಿಂದ ೧೯೬೪ರವರೆಗೆ ಹೇಗ್ ನಗರದ ರಾಜ ಸಂಗೀತಶಾಲೆಯಲ್ಲಿ ಓದಿದರು. ಶಾಸ್ತ್ರವನ್ನು ತಿಳಿಯದೆ ಮುರಿದವರಲ್ಲ. ಒಂದು ಎಳೆಯ ವಿರುದ್ಧ ಇನ್ನೊಂದು ಎಳೆಯನ್ನು ನಿಲ್ಲಿಸಿ ಎರಡನ್ನೂ ಬಾಳಿಸುವ ಶಾಸ್ತ್ರವನ್ನು ಯುರೋಪಿನವರು ಕೌಂಟರ್‌ಪಾಯಿಂಟ್ ಎನ್ನುತ್ತಾರೆ. ಮುಂದೆ ಆಮ್‌ಸ್ಟರ್‌ಡಾಮಿನ ಸಂಗೀತಶಾಲೆಯಲ್ಲಿ ಅವರು ವಿದ್ಯಾರ್ಥಿಗಳಿಗೆ ಕಲಿಸಿದ್ದು ಅದನ್ನೇ.

ಅವರ ಹೆಸರು ಹೊರನಾಡುಗಳಿಗೆ ಮುಟ್ಟಿದ್ದು ಒಂದು ದುಃಖದ ಸಂದರ್ಭದ ಮೂಲಕ. ಎರಿಕ್ ಡಾಲ್ಫಿ ಎಂಬ ಅಮೆರಿಕದ ಅಪೂರ್ವ ವಾದಕರು ೧೯೬೪ರಲ್ಲಿ ಯುರೋಪಿಗೆ ಬಂದಿದ್ದರು. ಜೂನ್ ೨ರಂದು ಹಿಲ್ವರ್ಸಮ್ ಊರಿನ ಬಾನುಲಿ ಶಾಲೆಯಲ್ಲಿ ಅವರೊಡನೆ ನುಡಿಸಲು ಮೂವರು ಡಚ್ ವಾದಕರು ಕೂಡಿದರು: ಪಿಯಾನೋಗೆ ೨೯ ತುಂಬಲಿದ್ದ ಮಿಶಾ, ಬಾಸಿಗೆ ಜಾಕ್ ಸ್ಖೋಲ್ಸ್, ಡ್ರಮ್ಮಿಗೆ ೨೨ ವರ್ಷದ ಹಾನ್ ಬೆನ್ನಿಂಕ್. ಅಂದು ನುಡಿಸಿದವುಗಳಲ್ಲಿ ಮಿಶಾ ಅವರ ಸ್ವಂತ ರಚನೆಯೂ ಒಂದಿತ್ತು. ಅದರ ಹೆಸರು ನಾಲಿಗೆ ತೊಡರುವಂಥದು, 'ಹೈಪೊಕ್ರಿಸ್ಟ್‌ಮಟ್ರೀಫಜ್'. ಅರ್ಥ ಹುಡುಕಹೋಗಬೇಡಿ, ಹೆಸರಿನಲ್ಲೇ ಚೇಷ್ಟೆ ಮಾಡುವುದು ಅವರ ಸ್ವಭಾವ. ಆ ಬಳಿಕ ನಾಲ್ಕು ವಾರವೂ ಕಳೆಯಲಿಲ್ಲ. ಜೂನ್ ೨೯ರಂದು ಡಾಲ್ಫಿ ಮಧುಮೇಹದಿಂದ ಬರ್ಲಿನ್ನಿನಲ್ಲಿ ತೀರಿಕೊಂಡರು. ವಯಸ್ಸು ಕೇವಲ ೩೬. ಅಂದಿನ ಮುದ್ರಿಕೆ 'ಲಾಸ್ಟ್ ಡೇಟ್' ಎಂಬ ಹೆಸರಿನಲ್ಲಿ ಹೊರಬಂತು. ಅದರ ಕೊನೆಯಲ್ಲಿ ಡಾಲ್ಫಿಯವರ ಮಾತಿನ ದನಿ ಇದೆ: ಸಂಗೀತ ಮುಗಿದ ಮೇಲೆ ಗಾಳಿಯಲ್ಲಿ ಲೀನವಾಗಿಬಿಡುತ್ತದೆ, ಮತ್ತೆ ಹಿಡಿಯಲು ಬಾರದು ಎಂಬ ಅರ್ಥದ ಮಾತು. ಆ ಮಾತನ್ನು ಮಿಶಾ ಹಾಗೂ ಬೆನ್ನಿಂಕರು ಬಾಳಿಡೀ ಪರೀಕ್ಷಿಸಿದರೆಂದು ಹೇಳಬಹುದು.

ಇಲ್ಲಿ ಇನ್ನೊಬ್ಬರ ಹೆಸರನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅವರು ಅಮೆರಿಕದ ಥೆಲೋನಿಯಸ್ ಮಾಂಕ್. ೧೯೧೭ರಲ್ಲಿ ಹುಟ್ಟಿ ೧೯೮೨ರಲ್ಲಿ ತೀರಿಕೊಂಡ ಈ ಪಿಯಾನೋವಾದಕರು ಮಿಶಾ ಅವರಿಗೆ ಮಾನಸ ಗುರು. 'ಫೋರ್ ಇನ್ ಒನ್' ಎಂಬುದೂ ಮಾಂಕರ ೧೯೫೧ರ ಒಂದು ರಚನೆಯ ಹೆಸರೇ. ಮಾಂಕರ ನುಡಿಸಾಣಿಕೆಯನ್ನು ಮೊದಲ ಸಲ ಕೇಳಿದವರಿಗೆ ಇವರಿಗೆ ಪಿಯಾನೋ ಸರಿಯಾಗಿ ಬರುವುದೇ ಇಲ್ಲವೇನೋ ಎಂದು ತೋರುತ್ತದೆ. ಪಕ್ಕಪಕ್ಕದ ಎರಡು ಸ್ವರಗಳನ್ನು ಒಟ್ಟಿಗೇ ಕುಟ್ಟುತ್ತಾರೆ. ಎಲ್ಲರೂ ನಿರೀಕ್ಷಿಸುವ ಜಾಗದಲ್ಲಿ ಸುಮ್ಮನಿರುತ್ತಾರೆ, ಯಾರೂ ನಿರೀಕ್ಷಿಸದ ಜಾಗದಲ್ಲಿ ಒಂದೇ ಸ್ವರವನ್ನು ಠಣ್ ಎನಿಸುತ್ತಾರೆ. ಎರಡನೆಯ ಸಲ ಕೇಳಿದಾಗ ಆ ಸ್ವರ ಅಲ್ಲಲ್ಲದೆ ಇನ್ನೆಲ್ಲಿಯೂ ಇರಲಾರದೆಂದು ಗೊತ್ತಾಗುತ್ತದೆ. ಸ್ವರಗಳಷ್ಟೇ ಬೆಲೆ ಸ್ವರಗಳ ನಡುವಿನ ಬಿಡುವಿಗೂ ಉಂಟೆಂಬ ಪಾಠವನ್ನು ಮಿಶಾ ಅವರಿಂದ ಕಲಿತರು.

ಕಲಿತರು ನಿಜ, ನಕಲು ಮಾಡಲಿಲ್ಲ. ಯುದ್ಧ ಮುಗಿದ ಮೇಲೆ ಹಾಲೆಂಡಿನ ಜಾಜ್ ವಾದಕರ ಮುಂದೆ ಒಂದು ತೊಡಕು ಬಂದಿತ್ತು. ನಾಜಿ ಆಡಳಿತ ಯಾವ ಸಂಗೀತವನ್ನು ಕೀಳೆಂದು ಹಳಿದು ಅಡಗಿಸಿತ್ತೋ ಅದನ್ನು ಬಿಡುಗಡೆಯ ಉತ್ಸಾಹದಲ್ಲಿ ಬಾಚಿಕೊಂಡರು. ಆದರೆ ಅಮೆರಿಕದವರು ಕಳೆದ ವರ್ಷ ನುಡಿಸಿದ್ದನ್ನು ತಾವು ಈ ವರ್ಷ ನುಡಿಸುತ್ತ ಹೋದರೆ ಅದು ಎಷ್ಟು ದಿನ ಸಾಗೀತು? ಎರವಲು ತಂದ ನುಡಿಯಲ್ಲಿ ಸ್ವಂತ ಮಾತನ್ನು ಆಡುವುದು ಹೇಗೆ? ೧೯೬೬ರಲ್ಲಿ ಮಿಶಾ ಅವರ ಚತುಷ್ಟಯ ಅಮೆರಿಕದ ನ್ಯೂಪೋರ್ಟ್ ಉತ್ಸವಕ್ಕೆ ಹೋಗಿ ನುಡಿಸಿ ಬಂತು. ಅಂಥ ಮನ್ನಣೆ ದೊರೆತವರು ಸಾಮಾನ್ಯವಾಗಿ ಅದೇ ದಾರಿಯಲ್ಲಿ ಮುಂದುವರಿಯುತ್ತಾರೆ. ಇವರು ಮರುವರ್ಷವೇ ಬೇರೆ ದಾರಿ ಹಿಡಿದರು.

೧೯೬೭ರಲ್ಲಿ ಮಿಶಾ, ಬೆನ್ನಿಂಕ್ ಮತ್ತು ವಿಲ್ಲೆಮ್ ಬ್ರಾಯ್ಕರ್ ಎಂಬ ಊದುವಾದ್ಯಗಾರ ಮೂವರೂ ಕೂಡಿ 'ಇನ್‌ಸ್ಟಂಟ್ ಕಂಪೋಸರ್ಸ್ ಪೂಲ್' ಎಂಬ ಕೂಟವನ್ನು ಕಟ್ಟಿದರು. ಹೆಸರಿಗೆ 'ತತ್‌ಕ್ಷಣ ರಚನಕಾರರ ಒಕ್ಕೂಟ' ಎಂದು ಅರ್ಥ ಹೇಳಬಹುದು. ಮನೋಧರ್ಮವೆಂದರೆ ಮನಸ್ಸಿಗೆ ಬಂದಂತೆ ನುಡಿಸುವುದಲ್ಲ, ಅದೂ ರಚನೆಯೇ. ಕಾಗದದ ಮೇಲೆ ವಾರಗಟ್ಟಲೆ ಮಾಡತಕ್ಕದ್ದನ್ನು ಸಭೆಯ ಮುಂದೆ ಆ ಕ್ಷಣದಲ್ಲಿ ಮಾಡುವುದು, ಅಷ್ಟೇ ಜವಾಬ್ದಾರಿಯಿಂದ ಮಾಡುವುದು, ಎಂಬುದು ಹೆಸರಿನ ಒಳಗಿನ ವಾದ. ಒಕ್ಕೂಟ ತನ್ನ ಮುದ್ರಿಕೆಗಳನ್ನು ತಾನೇ ಹೊರತಂದಿತು. ಹೊದಿಕೆಯ ಚಿತ್ರಗಳನ್ನು ಬರೆಯಲು ಹೊರಗಿನ ಚಿತ್ರಕಾರರನ್ನು ಹುಡುಕಬೇಕಾಗಲಿಲ್ಲ. ಬೆನ್ನಿಂಕರೇ ಒಳ್ಳೆಯ ಚಿತ್ರಕಾರರು.

ಹಾಲೆಂಡಿನ ಸಂಗೀತಲೋಕದಲ್ಲಿ ಆಗ ಇನ್ನೊಂದು ಬಿರುಸಿನ ಗಾಳಿಯೂ ಬೀಸುತ್ತಿತ್ತು. ೧೯೬೯ರ ನವೆಂಬರ್ ೧೭ರಂದು ಮಿಶಾ, ಲೂಯಿ ಆಂಡ್ರಿಸೆನ್ ಮೊದಲಾದ ಯುವ ಸಂಗೀತಗಾರರ ಗುಂಪೊಂದು ಕಾನ್ಸರ್ಟ್‌ಖೆಬೌ ವಾದ್ಯವೃಂದದ ಕಛೇರಿಯಲ್ಲಿ ಮಕ್ಕಳ ಆಟಿಕೆಯ ಟಿಕ್‌ಟಿಕಿಗಳನ್ನು ಬಾರಿಸಿ ಕಾರ್ಯಕ್ರಮವನ್ನು ತಡೆಯಿತು. ಸಾರ್ವಜನಿಕರ ಹಣದಿಂದ ನಡೆಯುವ ವಾದ್ಯವೃಂದ ಹೊಸ ಸಂಗೀತವನ್ನು ಏಕೆ ಕಡೆಗಣಿಸುತ್ತದೆ, ಇದನ್ನು ಸಾರ್ವಜನಿಕವಾಗಿ ಚರ್ಚಿಸಿ ಎಂಬುದು ಅವರ ಬೇಡಿಕೆ. ಅಲ್ಲಿಯ ಚರಿತ್ರೆಯಲ್ಲಿ ಇದಕ್ಕೆ 'ಅಡಕತ್ತರಿಯ ಚಳವಳಿ' ಎಂದು ಹೇಳಬಹುದಾದ ಹೆಸರು ನಿಂತಿದೆ. ಆ ವೇದಿಕೆಯ ಮೇಲೆ ಅಜ್ಜನ ಸಾಲಿನ ವಿಲ್ಲೆಮ್ ಐವತ್ತು ವರ್ಷ ಕೋಲು ಹಿಡಿದು ನಿಂತಿದ್ದರೆಂಬುದನ್ನು ನೆನೆದುಕೊಳ್ಳಿ. ಹಣ ಕೊಟ್ಟು ಬಂದ ಶ್ರೋತೃಗಳ ಸುಖವನ್ನು ಕೆಡಿಸಿದ್ದು ಸರಿಯೇ ಎಂದು ಕೇಳುವವರು ಅಂದೂ ಇದ್ದರು, ಇಂದೂ ಇರಬಹುದು. ನಾವು ಅದನ್ನು ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ಹೇಳುತ್ತಿಲ್ಲ. ಗದ್ದಲವೊಂದರಿಂದಲೇ ಯಾವುದೂ ಆಗುವುದಿಲ್ಲ. ಅದರ ಹಿಂದೆ ಕಟ್ಟುವ ಕೆಲಸವೂ ನಡೆದಿತ್ತೆಂಬುದನ್ನು ತೋರಿಸಬೇಕಾಗಿದೆ.

ಆ ಕಟ್ಟುವ ಕೆಲಸ ಹೀಗಿತ್ತು. ೧೯೭೧ರಲ್ಲಿ ಮನೋಧರ್ಮದ ಸಂಗೀತಗಾರರು ತಮ್ಮದೇ ಒಂದು ವೃತ್ತಿಸಂಘವನ್ನು ಸ್ಥಾಪಿಸಿದರು. ಅದರ ಚಿಕ್ಕ ಹೆಸರು 'ಬಿಮ್'. ನುಡಿಸುವುದೂ ದುಡಿಮೆಯೇ, ಅದಕ್ಕೆ ತಕ್ಕ ಕೂಲಿ ಸಲ್ಲಬೇಕು, ಸರ್ಕಾರದ ಕಲಾನಿಧಿಯಲ್ಲಿ ಇವರಿಗೂ ಪಾಲಿರಬೇಕು ಎಂಬುದು ಅದರ ನಿಲುವು. ೧೯೭೪ರಲ್ಲಿ ಆ ಸಂಘದವರ ಪ್ರಯತ್ನದಿಂದ ಆಮ್‌ಸ್ಟರ್‌ಡಾಮಿನಲ್ಲಿ 'ಬಿಮ್‌ಹೌಸ್', ಅಂದರೆ ಬಿಮ್ ಮನೆ, ಬಾಗಿಲು ತೆರೆಯಿತು. ೨೦೦೫ರಲ್ಲಿ ಅದು ನಗರದ ನೀರಂಚಿನ ಹೊಸ ಕಟ್ಟಡಕ್ಕೆ ಬಂತು. ಒಂದು ಸಂಘ, ಸಂಘಕ್ಕೊಂದು ಮನೆ, ಮನೆಗೊಂದು ತೆರೆದ ಬಾಗಿಲು. ನಾಲ್ಕು ಕುರ್ಚಿ, ಒಂದು ಬೀರು, ವಂತಿಗೆಯ ಚೀಟಿಪುಸ್ತಕ ಇಷ್ಟರಿಂದಲೇ ವಾಚನಾಲಯವನ್ನು ನಡೆಸುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಕಲೆಯಾದರೂ ಗಾಳಿಯಲ್ಲಿ ಬೆಳೆಯುವುದಿಲ್ಲ. ಬಾಡಿಗೆ ಕಟ್ಟಿದ ಕೋಣೆಯೊಂದರಲ್ಲಿ ಬೆಳೆಯುತ್ತದೆ.

ಇಷ್ಟೆಲ್ಲ ಹೇಳಿದಮೇಲೆ ಮಿಶಾ ಅವರು ಬಹು ಗಂಭೀರ ಮುಖದ ಮನುಷ್ಯರೆಂದು ನೀವು ತಿಳಿಯಬಾರದು. ಅವರ ಒಂದು ಮುದ್ರಿಕೆಯ ಒಂದು ಮಗ್ಗುಲಲ್ಲಿ ಡಾಲ್ಫಿಯವರೊಡನೆ ನುಡಿಸಿದ ಮಾಂಕರ ರಚನೆಯಿದೆ. ಅದನ್ನು ತಿರುವಿ ಹಾಕಿದರೆ ಮಿಶಾ ಒಂದು ಗಿಳಿಯೊಡನೆ ನುಡಿಸಿದ್ದಾರೆ! ಗಿಳಿಯ ಹೆಸರು ಏಕೊ. ನಗೆಯಾಡುವುದಕ್ಕಷ್ಟೇ ಇದನ್ನು ಮಾಡಿದರೆನ್ನಲೂ ಬಾರದು. ಗಿಳಿ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ, ಯಾರ ಹೊಗಳಿಕೆಗೂ ಕಾಯುವುದಿಲ್ಲ. ಅದು ಯಾವಾಗ ಕೂಗೀತೆಂದು ಯಾರೂ ಹೇಳಲಾರರು. ಅದರ ಜೊತೆ ಸಂಗೀತ ಮಾಡಬೇಕಾದರೆ ಕಿವಿ ತೆರೆದಿಡುವುದೊಂದೇ ದಾರಿ. ಚದುರಂಗದ ಹುಚ್ಚು ಕೂಡ ಅವರಿಗೆ ಬಹಳ. ಎದುರಾಳಿಯ ನಡೆಯನ್ನು ನೋಡಿಯೇ ತನ್ನ ನಡೆಯನ್ನು ನಡೆಸತಕ್ಕ ಆಟ ಅದು. ಅವರ ಪಿಯಾನೋ ಕೂಡ ಹಾಗೆಯೇ.

ಎದುರಾಳಿ ಎಂದೆವು. ಅವರ ಬಾಳಿನ ದೊಡ್ಡ ಎದುರಾಳಿಯೂ ದೊಡ್ಡ ಗೆಳೆಯರೂ ಒಬ್ಬರೇ: ಹಾನ್ ಬೆನ್ನಿಂಕ್. ಬೆನ್ನಿಂಕರ ತಂದೆಯೂ ತಾಳವಾದ್ಯಗಾರರೇ. ಮಗ ಮೊದಲು ಬಡಿದು ಕಲಿತ ವಾದ್ಯ ಅಡಿಗೆಮನೆಯ ಕುರ್ಚಿ. ದೊಡ್ಡವರಾದ ಮೇಲೂ ಅವರು ಡ್ರಮ್ಮಿಗಷ್ಟೇ ಕಟ್ಟುಬೀಳಲಿಲ್ಲ. ನೆಲ, ಗೋಡೆ, ಕುರ್ಚಿ, ಕೈಗೆ ಸಿಕ್ಕಿದ್ದೆಲ್ಲ ಅವರಿಗೆ ವಾದ್ಯವೇ. ಕೋಲಿನಿಂದ ಬಡಿಯುತ್ತಿರುವಾಗಲೇ ಒಂದು ಕಾಲನ್ನೆತ್ತಿ ಹಿಮ್ಮಡಿಯನ್ನು ಡ್ರಮ್ಮಿನ ಮೇಲೆ ಒತ್ತಿ ನಾದವನ್ನು ಏರಿಳಿಸುವುದು ಅವರ ಹೆಸರಾದ ಕೌಶಲ. ಮಿಶಾ ಇದಕ್ಕೆ ನೇರ ವಿರುದ್ಧ. ಬಾಯಲ್ಲಿ ಸಿಗರೇಟು, ಸೋಮಾರಿಯಂತೆ ಕುಳಿತ ಭಂಗಿ, ನಿಮಿಷಕ್ಕೆರಡು ಸ್ವರ. ಒಬ್ಬರು ಬಿರುಗಾಳಿ, ಇನ್ನೊಬ್ಬರು ಬಿರುಗಾಳಿಗೆ ಬೆನ್ನುಹಾಕಿ ಕುಳಿತು ಕಡಲೆ ಸುಲಿಯುವವರು. ಬೆನ್ನಿಂಕರು ಅಬ್ಬರಿಸಿದರೆ ಮಿಶಾ ಕೈಕಟ್ಟಿ ಕೂರಬಲ್ಲರು. ಬೆನ್ನಿಂಕರು ಹದವಾದ ಲಯ ಹಿಡಿದರೆ ಮಿಶಾ ಅದರ ಚಕ್ರದೊಳಕ್ಕೆ ಕಡ್ಡಿ ತೂರಿಸಬಲ್ಲರು. ಹೀಗೆ ಒಬ್ಬರನ್ನೊಬ್ಬರು ಕಾಡುತ್ತ ಇವರು ನಾಲ್ಕು ದಶಕಗಳಿಗೂ ಮೀರಿ ಜೊತೆಯಲ್ಲಿ ನುಡಿಸಿದರು. ಒಪ್ಪಿಗೆಯ ಮೇಲೆ ನಿಂತ ಜೊತೆ ಮೊದಲ ಭಿನ್ನಾಭಿಪ್ರಾಯಕ್ಕೆ ಮುರಿಯುತ್ತದೆ. ಭಿನ್ನಾಭಿಪ್ರಾಯವನ್ನೇ ಅಡಿಗಲ್ಲು ಮಾಡಿಕೊಂಡ ಜೊತೆಯನ್ನು ಯಾವುದು ಮುರಿದೀತು?

ಈಗ ಇಂದಿನ ಮುದ್ರಿಕೆಗೆ ಬರೋಣ. ೨೦೦೦ದಲ್ಲಿ ಮುದ್ರಣವಾದ ಇದನ್ನು ಕೆನಡಾದ ವ್ಯಾಂಕೂವರ್ ನಗರದ 'ಸಾಂಗ್‌ಲೈನ್ಸ್' ಎಂಬ ಸಣ್ಣ ಸಂಸ್ಥೆ ಮರುವರ್ಷ ಹೊರತಂದಿತು. ನಾಲ್ವರಲ್ಲಿ ಇಬ್ಬರು ಈ ಡಚ್ ಗೆಳೆಯರು. ಇನ್ನಿಬ್ಬರು ಅಮೆರಿಕದವರು: ಟ್ರಂಪೆಟ್ ಊದುವ ಡೇವ್ ಡಗ್ಲಸ್, ೧೯೬೩ರಲ್ಲಿ ಹುಟ್ಟಿದವರು, ಬಾಸ್ ನುಡಿಸುವ ಬ್ರ್ಯಾಡ್ ಜೋನ್ಸ್. ಜೋನ್ಸರು ೧೯೯೪ರಲ್ಲೇ ಮಿಶಾ ಅವರೊಡನೆ 'ಹೂಸ್ ಬ್ರಿಜ್' ಎಂಬ ಮುದ್ರಿಕೆಯಲ್ಲಿ ನುಡಿಸಿದ್ದರು. ಡಗ್ಲಸರು ಹುಟ್ಟಿ ಒಂದು ವರ್ಷ ಕಳೆದಿತ್ತಷ್ಟೆ, ಆಗಲೇ ಈ ಹಿರಿಯರಿಬ್ಬರೂ ಡಾಲ್ಫಿಯವರ ಪಕ್ಕದಲ್ಲಿ ಕುಳಿತು ನುಡಿಸಿದ್ದರು. ಅಂದರೆ ಇಲ್ಲಿ ಎರಡು ತಲೆಮಾರು, ಎರಡು ಖಂಡಗಳು ಕೂಡಿವೆ. ನುಡಿಸಿರುವುದು ಮಿಶಾ ಅವರ ಸ್ವಂತ ರಚನೆಗಳು ಮತ್ತು ಮಾಂಕರ ರಚನೆಗಳು. ಒಂದು ಕಾಲದಲ್ಲಿ ಅಮೆರಿಕದಿಂದ ನುಡಿಯನ್ನು ಎರವಲು ತಂದವರ ಹತ್ತಿರ ಈಗ ಅಮೆರಿಕದ ಕಿರಿಯರೇ ಬಂದು ಜೊತೆ ಕೂತಿದ್ದಾರೆ. ಸಾಲ ತೀರಿಸುವ ರೀತಿಗಳಲ್ಲಿ ಇದಕ್ಕಿಂತ ಗೌರವದ್ದು ಬೇರೆ ಇದೆಯೆಂದು ನಮಗೆ ತೋರುವುದಿಲ್ಲ.

ಹೇಗೆ ಕೇಳಬೇಕು ಎಂಬ ವಿಷಯದಲ್ಲಿ ಎರಡು ಮಾತು. ಎಲ್ಲವನ್ನೂ ಒಟ್ಟಿಗೆ ಹಿಡಿಯಹೋದರೆ ಹೊಸಬರಿಗೆ ತಲೆ ತಿರುಗುತ್ತದೆ. ಮೊದಲ ಸಲ ಬಾಸನ್ನಷ್ಟೇ ಹಿಂಬಾಲಿಸಿ. ದಪ್ಪ ತಂತಿಯನ್ನು ಬೆರಳಿನಿಂದ ಮೀಟಿದ ನಾದ. ಮನೆಯ ಯಜಮಾನಿಯಂತೆ ಸದ್ದಿಲ್ಲದೆ ಎಲ್ಲರ ಲೆಕ್ಕವನ್ನೂ ಇಟ್ಟುಕೊಂಡಿರುತ್ತದೆ. ಎರಡನೆಯ ಸಲ ಟ್ರಂಪೆಟ್ಟನ್ನು ಹಿಡಿಯಿರಿ. ಈ ಗುಂಪಿನಲ್ಲಿ ಉಸಿರಿನಿಂದ ನುಡಿಯುವ ವಾದ್ಯ ಅದೊಂದೇ. ಆದುದರಿಂದ ಹಾಡುಗಾರರ ಸ್ಥಾನ ಅದರದು. ಆಮೇಲೆ ಡ್ರಮ್ಮು. ಬರಿಯ ತಾಳ ಹಾಕುವವರ ಕೆಲಸವಲ್ಲ ಅದು. ನಮ್ಮ ಮೃದಂಗದವರು ತನಿಯಲ್ಲಿ ತೋರುವ ಸ್ವಾತಂತ್ರ್ಯ ಅಲ್ಲಿ ಕಛೇರಿಯ ಉದ್ದಕ್ಕೂ ಇರುತ್ತದೆ. ಕಡೆಯದಾಗಿ ಪಿಯಾನೋ. ಅದನ್ನು ಕೇಳುವಾಗ ನುಡಿಸಿದ್ದನ್ನು ಮಾತ್ರ ಎಣಿಸಬೇಡಿ, ನುಡಿಸದೆ ಬಿಟ್ಟದ್ದನ್ನೂ ಎಣಿಸಿ. ಟ್ರಂಪೆಟ್ಟು ಒಂದು ಮಾತನ್ನು ಎತ್ತಿದಾಗ ಸಾಧಾರಣ ಪಿಯಾನೋವಾದಕರು ತಲೆದೂಗಿ 'ಹೌದು ಹೌದು' ಎನ್ನುವಂತೆ ಸ್ವರಕೂಟಗಳನ್ನು ಒದಗಿಸುತ್ತಾರೆ. ಈ ಹಿರಿಯರು ಹಾಗೆ ಮಾಡುವವರಲ್ಲ. ಒಮ್ಮೆ 'ಇರಲಿ, ನೋಡೋಣ' ಎಂದು ಸುಮ್ಮನಾಗುತ್ತಾರೆ, ಒಮ್ಮೆ 'ಹಾಗೇಕೆ?' ಎಂದು ಅಡ್ಡ ಪ್ರಶ್ನೆ ಹಾಕುತ್ತಾರೆ. ಕಿರಿಯರ ದಾರಿಯನ್ನು ಹಸನು ಮಾಡಿಕೊಡುವುದಿಲ್ಲ. ಹಾಗೆ ಮಾಡದಿರುವುದೇ ಅವರು ಕಿರಿಯರಿಗೆ ತೋರುವ ಮರ್ಯಾದೆ. ಪ್ರತಿಭಟನೆಯನ್ನು ತಾಳಬಲ್ಲವನೆಂದು ನಂಬಿದವನೊಡನೆ ಮಾತ್ರ ನಾವು ಎದುರಾಡುತ್ತೇವೆ; ನಂಬದವನಿಗೆ ಬರಿಯ ಉಪಚಾರದ ಮಾತನ್ನು ಹೇಳಿ ಕಳುಹಿಸುತ್ತೇವೆ.

ಮುಪ್ಪಿನ ಬಗ್ಗೆಯೂ ಒಂದು ಮಾತನ್ನು ಹೇಳಬೇಕು. ಅರವತ್ತೈದರ ಕೈಗಳಿಗೆ ಇಪ್ಪತ್ತೈದರ ಓಟ ಬೇಕಾಗಿಲ್ಲ. ಯೌವನದಲ್ಲಿ ಕಲೆಗಾರ ಏನೇನು ಸೇರಿಸಬಹುದೆಂದು ನೋಡುತ್ತಾನೆ. ವಯಸ್ಸಾದವನು ಏನೇನು ಬಿಡಬಹುದೆಂದು ನೋಡುತ್ತಾನೆ. ಬಿಟ್ಟಮೇಲೂ ಉಳಿಯುವುದೇ ಗಟ್ಟಿ. ಅನುಭವಸ್ಥ ಗುಮಾಸ್ತರೊಬ್ಬರು ನಾಲ್ಕು ಪುಟದ ಟಿಪ್ಪಣಿಯನ್ನು ನಾಲ್ಕು ಸಾಲಿಗೆ ಇಳಿಸಿಬಿಡುವುದನ್ನು ನೀವು ಕಂಡಿರಬಹುದು. ಆ ನಾಲ್ಕು ಸಾಲಿನ ಹಿಂದೆ ನಲವತ್ತು ವರ್ಷ ಇರುತ್ತದೆ.

ಇನ್ನು ಇದರಿಂದ ನಮಗೆ ದೊರೆಯುವುದೇನು? ನಮ್ಮ ದಿನದ ಬಹುಭಾಗ ಅಪ್ಪಣೆಯಲ್ಲಿ ಕಳೆಯುತ್ತದೆ. ಪಾಳಿಯ ಗಂಟೆಗೆ ಏಳುತ್ತೇವೆ, ಮೇಲಿನವರು ಹೇಳಿದ್ದನ್ನು ಮಾಡುತ್ತೇವೆ. ಹೊಟ್ಟೆಪಾಡಿಗೆ ಅದು ಅಗತ್ಯವೇ, ಅದನ್ನು ಹಳಿಯುವುದಿಲ್ಲ. ಆದರೆ ಅಪ್ಪಣೆಯಲ್ಲೇ ಬಾಳಿದವರಿಗೆ ಒಂದು ಅಪಾಯವುಂಟು. ಸಂಜೆ ಸಂಘಕ್ಕೆ ಬಂದಾಗಲೂ ನಾವು ಎರಡೇ ರೀತಿಯನ್ನು ತಿಳಿದವರಾಗಿರುತ್ತೇವೆ: ಒಂದೋ ಒಬ್ಬರು ಹೇಳುವುದು, ಉಳಿದವರು ತಲೆಯಾಡಿಸುವುದು, ಇಲ್ಲವೋ ಮನಸ್ತಾಪವಾಗಿ ಇನ್ನೊಂದು ಸಂಘ ಕಟ್ಟುವುದು. ಊರು ಬಿಟ್ಟು ಬಂದ ಕನ್ನಡಿಗರ ಕೂಟಗಳಲ್ಲಿ ಎಷ್ಟೋ ಒಳ್ಳೆಯ ಕೆಲಸಗಳು ವೈರದಿಂದಲ್ಲ, ಎದುರಾಡಿಯೂ ಜೊತೆಯಲ್ಲಿರುವ ಅಭ್ಯಾಸ ಇಲ್ಲದ್ದರಿಂದ ನಿಂತುಹೋಗುತ್ತವೆ. ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಚಾಪೆ ಹಾಸಿ ಮಲಗುವವರಿಗೂ ಈ ಅಭ್ಯಾಸ ಬೇಕು. ಅಡಿಗೆಯ ಸರದಿ, ಬಾಡಿಗೆಯ ಪಾಲು, ದೀಪ ಆರಿಸುವ ಹೊತ್ತು, ಪ್ರತಿಯೊಂದರಲ್ಲೂ ನಾಲ್ಕು ಮನಸ್ಸುಗಳು ಬೇರೆಬೇರೆ, ಕೋಣೆ ಒಂದೇ. ಒಂದರಲ್ಲಿ ನಾಲ್ಕು! ಸಂಗೀತ ಕೇಳಿದರೆ ಜಗಳ ನಿಲ್ಲುತ್ತದೆಂದು ನಾವು ಹೇಳುವುದಿಲ್ಲ. ಜಗಳವಾಡುತ್ತಲೇ ಒಂದು ಚೆಲುವಾದ ಕೆಲಸವನ್ನು ಮುಗಿಸಬಹುದೆಂಬುದಕ್ಕೆ ಸಾಕ್ಷಿ ಇದೆಯೆಂದಷ್ಟೇ ಹೇಳುತ್ತೇವೆ.

ಕೊನೆಯ ವರ್ಷಗಳಲ್ಲಿ ಮಿಶಾ ಮೆಂಗೆಲ್‌ಬರ್ಗರ ನೆನಪಿನ ಶಕ್ತಿ ಮುಪ್ಪಿನ ಮರೆವಿನ ರೋಗದಿಂದ ಕುಂದುತ್ತ ಬಂತು. ಕ್ರಮೇಣ ಅವರು ವೇದಿಕೆಯನ್ನು ಬಿಡಬೇಕಾಯಿತು. ಅವರು ಕಟ್ಟಿದ ವಾದ್ಯಕೂಟ ನಿಲ್ಲಲಿಲ್ಲ. ಅವರ ರಚನೆಗಳನ್ನು ಮುಂದಿನವರು ನುಡಿಸುತ್ತ ಹೋದರು. ೨೦೧೭ರ ಮಾರ್ಚ್ ೩ರಂದು ಆಮ್‌ಸ್ಟರ್‌ಡಾಮಿನಲ್ಲಿ ತಮ್ಮ ೮೧ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆ ಕ್ಷಣದಲ್ಲಿ ಹುಟ್ಟಿ ಆ ಕ್ಷಣದಲ್ಲಿ ಕರಗುವ ಸಂಗೀತಕ್ಕೆ ಬಾಳನ್ನು ಸವೆಸಿದವರಿಗೆ ನೆನಪೇ ಕೈಬಿಟ್ಟುದು ವಿಧಿಯ ಕಠಿನ ಆಟವೆನ್ನಬೇಕು. ಆದರೆ ಮುದ್ರಿಕೆಗಳು ಮರೆತಿಲ್ಲ. ಗಾಳಿಯಲ್ಲಿ ಲೀನವಾಗುವುದರಲ್ಲಿ ಒಂದು ಹಿಡಿಯನ್ನು ಅವು ಉಳಿಸಿವೆ.

ಇನ್ನು ನಮ್ಮ ಮಾತು ಸಾಕು. ಮುದ್ರಿಕೆಯನ್ನು ಹಾಕುತ್ತಿದ್ದೇವೆ. ಹಿಡಿಸಿದವರು ಪೂರ್ತಿ ಕೇಳಿ. ಹಿಡಿಸದವರು ಮುಲಾಜಿಲ್ಲದೆ ಎದ್ದು ಪಕ್ಕದ ಕೋಣೆಯಲ್ಲಿ ಪತ್ರಿಕೆ ಓದಬಹುದು. ಆದರೆ ಏಕೆ ಹಿಡಿಸಲಿಲ್ಲವೆಂಬುದನ್ನು ಕೊನೆಯಲ್ಲಿ ಬಂದು ಹೇಳಿಯೇ ಹೋಗಬೇಕೆಂದು ಕೋರುತ್ತೇವೆ. ಎದುರು ಮಾತಾಡಿದವರಿಗೂ ಚಹಾ ಉಂಟು.